ಬಾಗಿಲಿಗೆ ಬಂದವರು, ಕಿವಿಗೆ ಬಂದವರು



ಮಲೆನಾಡಿನ ಹಳೆಯ ಮನೆಗಳನ್ನು ಕಟ್ಟಿದವರು ಜಗಲಿಯೆಂಬ ಭಾಗವನ್ನು ಮರೆಯದೆ ಇಡುತ್ತಿದ್ದರು. ಅದು ಬೀದಿಯೂ ಅಲ್ಲ, ಮನೆಯ ಒಳಗೂ ಅಲ್ಲ. ಅಪರಿಚಿತರು ಬಂದರೆ ಅಲ್ಲಿ ಕುಳ್ಳಿರುತ್ತಿದ್ದರು. ಒಳಗಿನಿಂದ ಬೆಲ್ಲ, ನೀರು ಬರುತ್ತಿತ್ತು. ಬಂದವರು ಯಾರು, ಎಲ್ಲಿಯವರು, ಬಂದ ಕಾರ್ಯವೇನು ಎಂಬುದೆಲ್ಲ ಅಲ್ಲಿಯೇ ಇತ್ಯರ್ಥವಾಗುತ್ತಿತ್ತು. ಒಳಗೆ ಕರೆಯತಕ್ಕವರನ್ನು ಕರೆಯುತ್ತಿದ್ದರು. ಉಳಿದವರನ್ನು ಅಲ್ಲಿಂದಲೇ ಗೌರವದಿಂದ ಬೀಳ್ಕೊಡುತ್ತಿದ್ದರು. ಸೌಜನ್ಯಕ್ಕೂ ಎಚ್ಚರಕ್ಕೂ ಒಂದೇ ಕಡೆ ಸ್ಥಳ ಕೊಟ್ಟ ಜಾಣತನ ಅದು.

ಇಂದು ಶಿವಮೊಗ್ಗದ ವಿನೋಬನಗರದಲ್ಲಾಗಲಿ, ಗೋಪಾಳದಲ್ಲಾಗಲಿ, ಭದ್ರಾವತಿಯ ಜನ್ನಾಪುರದಲ್ಲಾಗಲಿ ನಾವು ಕಟ್ಟಿಕೊಂಡಿರುವ ಮನೆಗಳಲ್ಲಿ ಹೆಚ್ಚಿನವಕ್ಕೆ ಜಗಲಿಯಿಲ್ಲ. ಬಾಗಿಲು ತೆರೆದರೆ ನೇರವಾಗಿ ನಡುಮನೆ; ನಡುಮನೆಯಲ್ಲಿ ಸೋಫಾ. ಬಂದವನು ಎರಡು ಹೆಜ್ಜೆ ಇಟ್ಟರೆ ಅದರ ಮೇಲೆ ಆಸೀನನಾಗುತ್ತಾನೆ. ಇನ್ನು ದೂರವಾಣಿಗಂತೂ ಬಾಗಿಲೇ ಇಲ್ಲ. ಅಡುಗೆಮನೆಯಲ್ಲಿ ಒಗ್ಗರಣೆ ಹಾಕುತ್ತಿದ್ದರೂ, ಮಧ್ಯಾಹ್ನದ ಜೊಂಪಿನಲ್ಲಿದ್ದರೂ, ರೋಗಿಯ ಹಾಸಿಗೆಯ ಬಳಿ ಕುಳಿತಿದ್ದರೂ ಅದು ಒಂದೇ ಸಮನೆ ಕೂಗುತ್ತದೆ. ಸಾಲ ಬೇಕೆ, ವಿಮೆ ಬೇಕೆ, ನಿವೇಶನ ಬೇಕೆ ಎಂದು ನಾವು ಕಂಡರಿಯದ ಕಂಠವೊಂದು ನೇರವಾಗಿ ನಮ್ಮ ಕಿವಿಯೊಳಗೆ ಕುಳಿತು ಕೇಳುತ್ತದೆ. ಹೀಗೆ ಕರೆಯದೆ ಬರುವವರೊಡನೆ ಹೇಗೆ ನಡೆದುಕೊಳ್ಳಬೇಕು ಎಂಬುದು ಇಂದಿನ ಮಾತಿನ ವಿಷಯ.

ಕರೆಯದೆ ಬರುವವರು ನಮ್ಮ ಸಮಾಜಕ್ಕೆ ಹೊಸಬರಲ್ಲ. ಬಳೆಗಾರ, ಹೆಳವ, ದಾಸಯ್ಯ, ಬುಡಬುಡಿಕೆಯವನು, ಕೋಲೆ ಬಸವನನ್ನು ಕರೆತರುವವನು, ಇವರೆಲ್ಲರೂ ಕರೆಯದೆಯೇ ಬರುತ್ತಿದ್ದವರು. ಹೆಳವನು ಮನೆತನದ ವಂಶಾವಳಿಯನ್ನೇ ಹೇಳುತ್ತಿದ್ದ. ಕೆ. ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ'ಯಲ್ಲಿ ಬಳೆಗಾರನು ಮಾರುವವನಷ್ಟೇ ಆಗಿ ಉಳಿಯದೆ ಎರಡು ಮನೆಗಳ ನಡುವಿನ ಸುದ್ದಿಗಾರನೂ ಆಗುತ್ತಾನೆ. ನಮ್ಮ ಸಾಹಿತ್ಯವೇ ಇಂಥ ಮಾರಾಟಕ್ಕೆ ಋಣಿ. ಗಳಗನಾಥರು (1869–1942) ತಮ್ಮ ಕಾದಂಬರಿಗಳನ್ನು ತಾವೇ ಹೊತ್ತುಕೊಂಡು ಊರೂರು ತಿರುಗಿ ಮಾರಿದರು. ಅಂದು ಎಲ್ಲ ಮನೆಗಳೂ ಬಾಗಿಲು ಹಾಕಿಕೊಂಡಿದ್ದರೆ ಕನ್ನಡಕ್ಕೆ ಅಷ್ಟು ಮಂದಿ ಓದುಗರು ಹುಟ್ಟುತ್ತಿರಲಿಲ್ಲ. ಆದುದರಿಂದ ಬಾಗಿಲು ತಟ್ಟುವವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಬೆಳಗ್ಗೆ ಸೊಪ್ಪು ಕೂಗಿಕೊಂಡು ಬರುವ ಅಜ್ಜಿಗೆ 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ರಕ್ಷಣೆಯೂ ಉಂಟು, ನಮ್ಮ ವಾತ್ಸಲ್ಯವೂ ಉಂಟು.

ಹಾಗಾದರೆ ವ್ಯತ್ಯಾಸವೆಲ್ಲಿದೆ? ನನಗೆ ತೋರುವಂತೆ ಅದು ಮರಳಿ ಬರುವುದರಲ್ಲಿದೆ. ಬಳೆಗಾರನು ಮುಂದಿನ ಹಬ್ಬಕ್ಕೆ ಮತ್ತೆ ಅದೇ ಕೇರಿಗೆ ಬರಬೇಕಾಗಿತ್ತು. ಒಡಕು ಬಳೆ ತೊಡಿಸಿ ಹೋದರೆ ಇಡೀ ಕೇರಿ ಅವನನ್ನು ಕೇಳುತ್ತಿತ್ತು. ಮರಳಿ ಬರಬೇಕೆಂಬ ಅಗತ್ಯವೇ ಅವನ ಪ್ರಾಮಾಣಿಕತೆಗೆ ಜಾಮೀನು. ಇಂದು ಚೀಲ ಹೊತ್ತು ಬರುವ ತರುಣ ನಾಳೆ ಬೇರೆ ಊರಿನಲ್ಲಿರುತ್ತಾನೆ. ದೂರವಾಣಿಯ ಕಂಠ ಯಾವ ಊರಿನದೆಂಬುದೇ ತಿಳಿಯದು. ಜಾಮೀನು ಹೋದ ಮೇಲೆ ಎಚ್ಚರಿಕೆಯ ಹೊಣೆ ನಮ್ಮದಾಯಿತು.

ಭದ್ರಾವತಿಯವರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆ, 1936ರಲ್ಲಿ ಸ್ಥಾಪಿತವಾದ ಕಾಗದದ ಕಾರ್ಖಾನೆ, ಇವೆರಡೂ ಬೆಂಕಿಪುರವೆಂಬ ಸಣ್ಣ ಊರನ್ನು ಸಂಬಳದ ಊರನ್ನಾಗಿ ಮಾಡಿದವು. ಸಾಲುಸಾಲು ಕ್ವಾರ್ಟರ್ಸುಗಳು, ಎಲ್ಲರಿಗೂ ಒಂದೇ ದಿನ ಸಂಬಳ. ಮಾರುವವನಿಗೆ ಇದಕ್ಕಿಂತ ಫಲವತ್ತಾದ ಭೂಮಿ ಯಾವುದು? ಕಾಗದದ ಕಾರ್ಖಾನೆಯಲ್ಲಿ 2015ರಲ್ಲಿ ಉತ್ಪಾದನೆ ನಿಂತಿತು. ಕೆಲಸದಿಂದ ಬಿಡುಗಡೆಯಾದವನಿಗೆ ಒಮ್ಮೆಲೇ ಬರುವ ಗಂಟು ಅವನ ಉಳಿದ ಬಾಳಿಗೆ ಆಧಾರವಾದದ್ದು. ಅದರ ವಾಸನೆ ಹಿಡಿದು ಬರುವವರು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಸಂಬಳ ಕಳೆದುಕೊಂಡರೆ ಮುಂದಿನ ತಿಂಗಳು ಮತ್ತೆ ಬರುತ್ತದೆ. ಈ ಗಂಟು ಕಳೆದರೆ ಮತ್ತೆ ಬರುವುದಿಲ್ಲ.

ಮೂರು ಪಾಳಿಯ ಊರುಗಳಿಗೆ ಇನ್ನೊಂದು ಕಷ್ಟವಿದೆ. ರಾತ್ರಿ ಪಾಳಿ ಮುಗಿಸಿ ಬಂದವನು ಹಗಲು ಮಲಗಿರುವಾಗ ಕರೆಗಂಟೆ ಬಾರಿಸಿದರೆ ಗತಿಯೇನು? ಈ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದವರೆಗೂ ಹೋಗಿತ್ತು. ಒಹಾಯೋ ರಾಜ್ಯದ ಸ್ಟ್ರದರ್ಸ್ ಎಂಬುದು ಥೇಟ್ ನಮ್ಮ ಭದ್ರಾವತಿಯಂಥ ಕಬ್ಬಿಣ ಮತ್ತು ಉಕ್ಕಿನ ಊರು. ರಾತ್ರಿ ದುಡಿದು ಹಗಲು ಮಲಗುವವರ ನಿದ್ರೆ ಕೆಡುತ್ತದೆಂದು ಅಲ್ಲಿನ ಪುರಸಭೆ, ಕರಪತ್ರ ಹಂಚಲು ಯಾರೂ ಯಾರ ಬಾಗಿಲನ್ನೂ ತಟ್ಟಕೂಡದೆಂದು ಕಟ್ಟಳೆ ಮಾಡಿತು. ಧಾರ್ಮಿಕ ಸಭೆಯೊಂದಕ್ಕೆ ಆಹ್ವಾನಪತ್ರ ಹಂಚಿದ ಮಹಿಳೆಗೆ 10 ಡಾಲರ್ ದಂಡ ವಿಧಿಸಲಾಯಿತು. 1943ರಲ್ಲಿ ನ್ಯಾಯಾಲಯವು ಆ ಕಟ್ಟಳೆಯನ್ನು ತಳ್ಳಿಹಾಕಿತು. ಯಾರನ್ನು ಬರಮಾಡಿಕೊಳ್ಳಬೇಕು, ಯಾರನ್ನು ಬೇಡವೆನ್ನಬೇಕು ಎಂಬುದನ್ನು ತೀರ್ಮಾನಿಸತಕ್ಕವನು ಮನೆಯ ಯಜಮಾನ. ಆ ಹಕ್ಕನ್ನು ಅವನಿಗಾಗಿ ಪುರಸಭೆ ಚಲಾಯಿಸಲಾಗದು ಎಂಬುದು ಅದರ ತಾತ್ಪರ್ಯ. ಬರಿಯ ಸರಕು ಮಾರುವವರ ವಿಷಯದಲ್ಲಿ ಅದೇ ನ್ಯಾಯಾಲಯ 1951ರಲ್ಲಿ ಬಿಗಿಯಾದ ಕಟ್ಟಳೆಯೊಂದನ್ನು ಎತ್ತಿಹಿಡಿಯಿತು. ಎರಡನ್ನೂ ಕೂಡಿಸಿ ನೋಡಿದರೆ ನಮಗೊಂದು ಸೂತ್ರ ದೊರೆಯುತ್ತದೆ: ಕಾನೂನು ಬೇಲಿ ಹಾಕಿಕೊಡಬಹುದು, ಆದರೆ ದಣಪೆಯನ್ನು ತೆಗೆಯುವವರೂ ಮುಚ್ಚುವವರೂ ನಾವೇ.

ಮುಚ್ಚುವುದು ಏಕೆ ಕಷ್ಟವಾಗುತ್ತದೆ? ಮನಸ್ಸಿನ ಈ ದೌರ್ಬಲ್ಯವನ್ನು ಮಾರಾಟದವರು ಚೆನ್ನಾಗಿ ಬಲ್ಲರು. ಫ್ರೀಡ್‌ಮನ್ ಮತ್ತು ಫ್ರೇಸರ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 1966ರಲ್ಲಿ ಕ್ಯಾಲಿಫೋರ್ನಿಯದಲ್ಲಿ ನಡೆಸಿದ ಪ್ರಯೋಗವೊಂದನ್ನು ಪ್ರಕಟಿಸಿದರು. ವಾಹನ ಜಾಗ್ರತೆಯಾಗಿ ನಡೆಸಿರೆಂಬ ದೊಡ್ಡ, ಕುರೂಪವಾದ ಫಲಕವನ್ನು ನಿಮ್ಮ ಅಂಗಳದಲ್ಲಿ ನೆಡಬಹುದೇ ಎಂದು ನೇರವಾಗಿ ಕೇಳಿದಾಗ ನೂರಕ್ಕೆ ಸುಮಾರು 17 ಮಂದಿ ಮಾತ್ರ ಒಪ್ಪಿದರು. ಎರಡು ವಾರ ಮೊದಲೇ ಅದೇ ವಿಷಯದ ಒಂದು ಪುಟ್ಟ ಚೀಟಿಯನ್ನು ಅಂಟಿಸಲು ಒಪ್ಪಿದ್ದವರಲ್ಲಿ ನೂರಕ್ಕೆ 76 ಮಂದಿ ದೊಡ್ಡ ಫಲಕಕ್ಕೂ ಒಪ್ಪಿದರು. ಸಣ್ಣದಕ್ಕೆ ಹೂಂ ಎಂದವನು ದೊಡ್ಡದಕ್ಕೆ ಉಹೂಂ ಎನ್ನಲಾರ. 'ಎರಡೇ ನಿಮಿಷ ಸಾರ್', 'ಒಂದು ಲೋಟ ನೀರು ಕೊಡಿ ಅಮ್ಮ', 'ಇದೊಂದು ಉಚಿತ ಪೊಟ್ಟಣ ಇಟ್ಟುಕೊಳ್ಳಿ' ಎಂಬ ಮಾತುಗಳೆಲ್ಲ ಆ ಪುಟ್ಟ ಚೀಟಿಗಳೇ. ಬಾಯಾರಿದವನಿಗೆ ನೀರು ಕೊಡೋಣ. ಅದು ನಮ್ಮ ಧರ್ಮ. ಆದರೆ ನೀರು ಕೊಟ್ಟದ್ದರಿಂದ ಸಹಿಯನ್ನೂ ಕೊಡಬೇಕಾಗಿಲ್ಲ.

ನೀರಿನ ಮಾತು ಬಂದಾಗ ಒಂದು ತಂತ್ರವನ್ನು ವಿವರಿಸಬೇಕು. ಗಂಗಾ ಸ್ನಾನ, ತುಂಗಾ ಪಾನ ಎಂದು ಹೆಸರಾದ ನದಿಯ ದಂಡೆಯಲ್ಲಿ ನಾವು ವಾಸಿಸುತ್ತಿದ್ದೇವೆ. ನೀರು ಶುದ್ಧಗೊಳಿಸುವ ಯಂತ್ರವನ್ನು ಮಾರಲು ಬಂದವನು ನಮ್ಮ ನಲ್ಲಿಯ ನೀರನ್ನು ಒಂದು ಲೋಟದಲ್ಲಿಯೂ ತನ್ನ ಯಂತ್ರದ ನೀರನ್ನು ಇನ್ನೊಂದರಲ್ಲಿಯೂ ಇಟ್ಟು, ಎರಡರೊಳಗೂ ಲೋಹದ ಕಡ್ಡಿಗಳನ್ನು ಇಳಿಸಿ ವಿದ್ಯುತ್ತು ಹರಿಸುತ್ತಾನೆ. ನಮ್ಮ ನೀರು ಕ್ಷಣದಲ್ಲಿ ಕಂದಾಗಿ, ಕೆಸರಾಗಿ, ನೋಡಲು ಅಸಹ್ಯವಾಗುತ್ತದೆ. ಅವನದು ತಿಳಿಯಾಗಿಯೇ ಇರುತ್ತದೆ. ಮನೆಮಂದಿ ಗಾಬರಿಯಾಗುತ್ತಾರೆ. ಇದು ಜಾದೂ. ಆ ಕೆಸರು ನೀರಿನದಲ್ಲ, ಕಡ್ಡಿಯದು. ವಿದ್ಯುತ್ತು ಹರಿದಾಗ ಕಬ್ಬಿಣದ ಕಡ್ಡಿ ಸವೆದು ತುಕ್ಕಾಗಿ ನೀರಿಗೆ ಇಳಿಯುತ್ತದೆ. ನೀರಿನಲ್ಲಿ ಲವಣಗಳಿದ್ದರೆ ವಿದ್ಯುತ್ತು ಹರಿಯುತ್ತದೆ. ಯಂತ್ರದ ನೀರಿನಲ್ಲಿ ಲವಣವನ್ನೆಲ್ಲ ತೆಗೆದಿರುವುದರಿಂದ ಹರಿಯದು. ಅವನ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಮತ್ತೆ ಪ್ರಯೋಗ ಮಾಡಿಸಿ, ಆ ನೀರೂ ಕಂದಾಗುತ್ತದೆ. ಕರಗಿದ ಲವಣವೆಂದರೆ ವಿಷವಲ್ಲ. ಲೀಟರಿಗೆ 500 ಮಿಲಿಗ್ರಾಮಿನವರೆಗೆ ಇರಬಹುದೆಂದು ಭಾರತೀಯ ಮಾನಕವೇ ಹೇಳುತ್ತದೆ. ಯಂತ್ರ ಬೇಕೆನಿಸಿದರೆ ನೀರನ್ನು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ಆಮೇಲೆ ಅಂಗಡಿಗೆ ಹೋಗಿ ಕೊಳ್ಳೋಣ.

ಒಡವೆಗೆ ಹೊಳಪು ಕೊಡುತ್ತೇವೆಂದು ಬರುವವರದು ಇದಕ್ಕಿಂತ ಘೋರ. ಮೊದಲು ಹಿತ್ತಾಳೆಯ ದೀಪ, ಆಮೇಲೆ ಬೆಳ್ಳಿಯ ಕುಂಕುಮದ ಭರಣಿ, ಕೊನೆಗೆ ಮಾಂಗಲ್ಯದ ಸರ; ಇಲ್ಲಿಯೂ ಪುಟ್ಟ ಚೀಟಿಯ ಕ್ರಮವೇ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣದಲ್ಲಿ ಚಿನ್ನ ಕರಗುತ್ತದೆ. ಸರ ಹೊಳೆಯುತ್ತ ಹಿಂದಿರುಗುತ್ತದೆ, ತೂಕ ಹಿಂದಿರುಗುವುದಿಲ್ಲ. ಇಂಥವರಿಗೆ ಬಾಗಿಲು ತೆರೆಯದಿರುವುದೊಂದೇ ದಾರಿ.

ಈಗ ಭಾಷೆಯ ಕಡೆಗೆ ಬರೋಣ. ಕನ್ನಡ ಪಾಠ ಹೇಳಿ ಕಾಲ ಕಳೆದವನಾದ್ದರಿಂದ ಈ ಸಮಸ್ಯೆಗೆ ನಮ್ಮ ವ್ಯಾಕರಣದಲ್ಲಿಯೇ ಪರಿಹಾರವಿದೆಯೆಂದು ನನಗೆ ಅನ್ನಿಸುತ್ತದೆ. ಇಂಗ್ಲಿಷಿನವರು ಒಂದೇ ಪದದಲ್ಲಿ ಮುಗಿಸುವ ನಿರಾಕರಣೆಗೆ ನಮ್ಮಲ್ಲಿ ಐದು ಪದಗಳುಂಟು: ಇಲ್ಲ, ಅಲ್ಲ, ಬೇಡ, ಒಲ್ಲೆ, ಕೂಡದು. ನಾವು ಸೋಲುವುದು ತಪ್ಪು ಪದವನ್ನು ಆರಿಸಿಕೊಳ್ಳುವುದರಿಂದ.

'ಇಲ್ಲ' ಎಂಬುದು ಅಸ್ತಿತ್ವದ ನಿಷೇಧ. 'ನಮ್ಮ ಹತ್ತಿರ ಹಣವಿಲ್ಲ' ಎಂದರೆ 'ಕಂತಿನಲ್ಲಿ ಕೊಡಿ' ಎನ್ನುತ್ತಾನೆ. 'ಯಜಮಾನರು ಮನೆಯಲ್ಲಿ ಇಲ್ಲ' ಎಂದರೆ ಅದು ಇನ್ನೂ ಅಪಾಯ. ಮನೆಯಲ್ಲಿ ಒಬ್ಬರೇ ಇದ್ದೇವೆಂಬ ಸುದ್ದಿಯನ್ನು ನಾವೇ ಕೊಟ್ಟಂತೆ. 'ಅಲ್ಲ' ಎಂಬುದು ಗುರುತಿನ ನಿಷೇಧ. 'ಇದು ಒಳ್ಳೆಯ ಯೋಜನೆ ಅಲ್ಲ' ಎಂದರೆ ಚರ್ಚೆ ಆರಂಭವಾಗುತ್ತದೆ. ಚರ್ಚೆಯಲ್ಲಿ ಅವನು ತರಬೇತಿ ಪಡೆದವನು, ನಾವು ಪಡೆಯದವರು. ಕಾರಣ ಕೊಟ್ಟಷ್ಟೂ ಅವನಿಗೆ ಹಿಡಿಕೆ ಕೊಟ್ಟಂತಾಗುತ್ತದೆ.

'ಬೇಡ' ಎಂಬುದಕ್ಕೆ ಕಾರಣದ ಊರುಗೋಲು ಬೇಕಾಗಿಲ್ಲ. 'ಬೇಡ, ನಮಸ್ಕಾರ' ಎಂದರೆ ವಾಕ್ಯ ಪೂರ್ಣವಾಯಿತು. ಎರಡನೆಯ ಸಲ ಒತ್ತಾಯಿಸಿದರೆ ಧಾರವಾಡದ ಕಡೆಯವರ ಬಾಯಲ್ಲಿ ಇಂದಿಗೂ ಜೀವಂತವಾಗಿರುವ 'ಒಲ್ಲೆ' ಇದೆ. ಅದರೊಳಗೆ 'ನಾನು' ಎಂಬ ಕರ್ತೃವೂ ಅಡಗಿದ್ದಾನೆ. ವಸ್ತುವಿನಲ್ಲಿ ಕೊರತೆಯಿದೆಯೆಂದು ಅದು ಹೇಳುವುದಿಲ್ಲ, ನನಗೆ ಮನಸ್ಸಿಲ್ಲವೆಂದಷ್ಟೇ ಹೇಳುತ್ತದೆ. ಅದರೊಡನೆ ವಾದಿಸುವುದು ಯಾರಿಗೂ ಸಾಧ್ಯವಿಲ್ಲ. ಮೂರನೆಯ ಸಲಕ್ಕೆ 'ಕೂಡದು'. ಅದು ಕಾನೂನಿನ ಮಾತು.

ನಮ್ಮಲ್ಲಿ ಇನ್ನೊಂದು ಜನಪ್ರಿಯ ಉತ್ತರವಿದೆ: 'ನಾಳೆ ಬಾ.' 1990ರ ದಶಕದಲ್ಲಿ ಕರ್ನಾಟಕದ ಅನೇಕ ಊರುಗಳಲ್ಲಿ ದೆವ್ವವೊಂದು ರಾತ್ರಿ ಬಾಗಿಲು ಬಡಿಯುತ್ತದೆಂಬ ವದಂತಿ ಹಬ್ಬಿ, ಜನ ಬಾಗಿಲ ಮೇಲೆ ಹಾಗೆ ಬರೆದದ್ದು ಹಲವರಿಗೆ ನೆನಪಿರಬಹುದು. ದೆವ್ವ ಓದಿಕೊಂಡು ಹಿಂದಿರುಗುತ್ತಿತ್ತಂತೆ. ಮಾರಾಟಗಾರನ ವಿಷಯದಲ್ಲಿ ಈ ಮಂತ್ರ ಫಲಿಸದು. ಅವನು ಅದನ್ನು ದಿನಚರಿಯಲ್ಲಿ ಬರೆದುಕೊಂಡು ನಿಜವಾಗಿಯೂ ನಾಳೆ ಬರುತ್ತಾನೆ. 'ಈಗ ಬಿಡುವಿಲ್ಲ' ಎಂದು ದೂರವಾಣಿಯಲ್ಲಿ ಹೇಳುವುದೂ ಅಷ್ಟೇ.

ಇನ್ನು 'ಕೂಡದು' ಎನ್ನಲು ನಮಗಿರುವ ಆಧಾರಗಳನ್ನು ನೋಡೋಣ. ನೇರ ಮಾರಾಟವನ್ನು ಕುರಿತ ಗ್ರಾಹಕ ಸಂರಕ್ಷಣಾ ನಿಯಮಗಳು 2021ರ ಡಿಸೆಂಬರಿನಲ್ಲಿ ಜಾರಿಗೆ ಬಂದವು. ಇವುಗಳ ಪ್ರಕಾರ ನೇರ ಮಾರಾಟದ ಪ್ರತಿನಿಧಿಯು ಗುರುತಿನ ಚೀಟಿಯಿಲ್ಲದೆ, ಮುಂಚಿತವಾಗಿ ಸಮಯವನ್ನಾಗಲಿ ಒಪ್ಪಿಗೆಯನ್ನಾಗಲಿ ಪಡೆಯದೆ ಗ್ರಾಹಕನ ಮನೆಗೆ ಬರುವಂತಿಲ್ಲ. ತಾನು ಯಾರು, ಯಾವ ಸಂಸ್ಥೆಯವನು, ಏನನ್ನು ಮಾರಲು ಬಂದೆ ಎಂಬುದನ್ನು ನಾವು ಕೇಳುವ ಮೊದಲೇ ಅವನು ಹೇಳಬೇಕು. ಹಳೆಯ ಜಗಲಿಯ ಪ್ರಶ್ನೆಗಳೇ ಇಲ್ಲಿ ಕಾನೂನಾಗಿವೆ. ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಹೊರಡಿ ಎಂದ ಮೇಲೂ ಬೆದರಿಸುವ, ಅವಮಾನಿಸುವ ಅಥವಾ ಕಾಡುವ ಉದ್ದೇಶದಿಂದ ಕುಳಿತೇ ಇದ್ದರೆ ಅದು ಭಾರತೀಯ ನ್ಯಾಯ ಸಂಹಿತೆಯ 329ನೆಯ ಪ್ರಕರಣದಂತೆ ಅತಿಕ್ರಮಣದ ಅಪರಾಧ; ಪೊಲೀಸರಿಗೆ 112ಕ್ಕೆ ಕರೆ ಮಾಡಬಹುದು.

ದೂರವಾಣಿಯ ಉಪದ್ರವವನ್ನು ತಡೆಯಲು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವು 2007, 2010 ಮತ್ತು 2018ರಲ್ಲಿ ಒಂದಾದ ಮೇಲೊಂದು ನಿಯಮಾವಳಿಗಳನ್ನು ಹೊರಡಿಸಿತು. 1909 ಎಂಬ ಸಂಖ್ಯೆಗೆ ಕರೆ ಮಾಡಿ ನಮ್ಮ ಸಂಖ್ಯೆಗೆ ಜಾಹೀರಾತಿನ ಕರೆಗಳು ಬೇಡವೆಂದು ದಾಖಲಿಸಬಹುದು. ಬ್ಯಾಂಕು, ವಿಮೆ, ನಿವೇಶನ, ಶಿಕ್ಷಣ, ಆರೋಗ್ಯ ಮೊದಲಾದ ವಿಷಯಗಳಲ್ಲಿ ಯಾವುದು ಬೇಕು, ಯಾವುದು ಬೇಡ ಎಂದು ಆರಿಸಿಕೊಳ್ಳುವ ಅವಕಾಶವೂ ಉಂಟು. 1909 ಎಂಬುದು ದೂರವಾಣಿಗೆ ನಾವು ಕಟ್ಟಿಕೊಳ್ಳಬಹುದಾದ ಜಗಲಿ. ನೋಂದಾಯಿತ ಮಾರಾಟಗಾರರ ಕರೆಗಳು 140 ಎಂಬ ಅಂಕಿಗಳಿಂದ ಆರಂಭವಾಗುವ ಸಂಖ್ಯೆಗಳಿಂದ ಬರತಕ್ಕದ್ದು. ಬ್ಯಾಂಕು ಮತ್ತು ಸರ್ಕಾರಿ ಕಚೇರಿಗಳ ಸೇವಾ ಕರೆಗಳಿಗೆ 1600ರ ಸರಣಿ ಮೀಸಲು. ಸಾಮಾನ್ಯ ಹತ್ತು ಅಂಕಿಯ ಸಂಖ್ಯೆಯಿಂದ ಜಾಹೀರಾತು ಬಂದರೆ ದಿನಾಂಕ, ಸಂಖ್ಯೆ ಮತ್ತು ವಿಷಯವನ್ನು ಬರೆದಿಟ್ಟುಕೊಂಡು 1909ಕ್ಕೆ ದೂರು ಕೊಡಬಹುದು. 2025ರ ತಿದ್ದುಪಡಿಯ ಮೇಲೆ ಇದಕ್ಕೆ 7 ದಿನಗಳ ಕಾಲಾವಕಾಶವಿದೆ. ಕ್ರೆಡಿಟ್ ಕಾರ್ಡಿನವರು ಬೆಳಗ್ಗೆ 10ರಿಂದ ಸಂಜೆ 7ರ ಒಳಗೆ ಮಾತ್ರ ಗ್ರಾಹಕರನ್ನು ಸಂಪರ್ಕಿಸಬೇಕೆಂದು ರಿಸರ್ವ್ ಬ್ಯಾಂಕಿನ ನಿರ್ದೇಶನ ಹೇಳುತ್ತದೆ. ಒತ್ತಾಯಕ್ಕೆ ಮಣಿದು ವಿಮೆಗೆ ಸಹಿ ಹಾಕಿದವರಿಗೂ ದಾರಿ ಮುಚ್ಚಿಲ್ಲ. ಪತ್ರ ಕೈಗೆ ಬಂದ 30 ದಿನಗಳೊಳಗೆ ಹಿಂದಿರುಗಿಸಿದರೆ ಅಲ್ಪ ಕಡಿತದೊಡನೆ ಹಣ ಮರಳುತ್ತದೆ. ಇದು 2024ರ ನಿಯಮ.

ನಮ್ಮ ಸಂಖ್ಯೆ ಇವರಿಗೆಲ್ಲ ಸಿಕ್ಕಿದ್ದು ಹೇಗೆ ಎಂದು ಆಶ್ಚರ್ಯಪಡುತ್ತೇವೆ. ಬಹುಪಾಲು ನಾವೇ ಕೊಟ್ಟಿರುತ್ತೇವೆ. ಅಂಗಡಿಯ ಬಿಲ್ಲಿಗೆ, ಅದೃಷ್ಟದ ಚೀಟಿಗೆ, ಜಾತ್ರೆಯ ಮಳಿಗೆಯ ಪುಸ್ತಕಕ್ಕೆ, ಕೇಳಿದ ಕೂಡಲೇ ಹತ್ತು ಅಂಕಿಗಳನ್ನು ಒಪ್ಪಿಸುತ್ತೇವೆ. ಬಿಲ್ಲು ಕೊಡಲು ದೂರವಾಣಿ ಸಂಖ್ಯೆಗಾಗಿ ಒತ್ತಾಯಿಸಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ 2023ರಲ್ಲಿಯೇ ಅಂಗಡಿಗಳಿಗೆ ಸೂಚಿಸಿದೆ. ಅಲ್ಲಿಯೂ 'ಬೇಡ' ಎನ್ನಬಹುದು. ಖಾಸಗಿತನವು ಮೂಲಭೂತ ಹಕ್ಕೆಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ತೀರ್ಪು ನೀಡಿತು. ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ಎಂಬತ್ತು ದಾಟಿದ ವಯಸ್ಸಿನಲ್ಲಿ ಅವರು ದೇಶಕ್ಕೆಲ್ಲ ಒಂದು ಬಾಗಿಲನ್ನು ಕಟ್ಟಿಸಿಕೊಟ್ಟರು.

ಮಾರಾಟದ ಕರೆಗೂ ವಂಚನೆಯ ಕರೆಗೂ ನಡುವೆ ಇಂದು ಗೆರೆ ತೆಳುವಾಗಿದೆ. ಪೊಲೀಸರೆಂದೋ ನ್ಯಾಯಾಲಯದವರೆಂದೋ ಹೇಳಿಕೊಂಡು, 'ಡಿಜಿಟಲ್ ಅರೆಸ್ಟ್' ಆಗಿದ್ದೀರಿ ಎಂದು ಹೆದರಿಸುವವರಿದ್ದಾರೆ. ನಮ್ಮ ಕಾನೂನಿನಲ್ಲಿ ಅಂಥದೊಂದು ಬಂಧನವೇ ಇಲ್ಲ. 2024ರ ಅಕ್ಟೋಬರಿನಲ್ಲಿ ಪ್ರಧಾನಮಂತ್ರಿಗಳು ಆಕಾಶವಾಣಿಯ ಮೂಲಕವೇ ಈ ಎಚ್ಚರಿಕೆ ಕೊಟ್ಟರು. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ನಾಚಿಕೆಯಿಂದ ಕಳೆಯುವ ಪ್ರತಿ ಗಂಟೆಯೂ ಕಳ್ಳನಿಗೆ ಲಾಭ.

ಈ ನಾಚಿಕೆಯ ಮಾತನ್ನು ಮಕ್ಕಳೂ ಕೇಳಿಸಿಕೊಳ್ಳಬೇಕು. ನಮ್ಮ ಎರಡೂ ಊರುಗಳಲ್ಲಿ ಮಕ್ಕಳು ಬೆಂಗಳೂರಿಗೋ ವಿದೇಶಕ್ಕೋ ಹೋಗಿ, ವೃದ್ಧರಿಬ್ಬರೇ ಉಳಿದಿರುವ ಮನೆಗಳು ಅನೇಕ. ಅವರು ಅಪರಿಚಿತನನ್ನು ಒಳಗೆ ಕರೆದು ಕೂರಿಸುವುದು ದಡ್ಡತನದಿಂದಲ್ಲ. ಬೆಳಗಿನಿಂದ ಯಾರೂ ಮಾತನಾಡಿಸಿರುವುದಿಲ್ಲ. ಬಂದವನು 'ಅಮ್ಮ, ಹೇಗಿದ್ದೀರಿ, ಮಂಡಿನೋವು ಹೇಗಿದೆ' ಎಂದು ಕೇಳುತ್ತಾನೆ. ಅವನು ಮಾರುವ ಮೊದಲ ಸರಕು ಆ ವಿಚಾರಣೆ. ಅದನ್ನು ಮಕ್ಕಳೇ ದಿನಕ್ಕೊಮ್ಮೆ ಪುಕ್ಕಟೆಯಾಗಿ ಕೊಡುತ್ತಿದ್ದರೆ ಅವನ ಅರ್ಧ ವ್ಯಾಪಾರ ನಿಂತುಹೋಗುತ್ತದೆ. ಮೋಸಹೋದ ತಂದೆತಾಯಿಯರನ್ನು ಗದರಿಸಿದರೆ ಮುಂದಿನ ಸಲ ಅವರು ಹೇಳುವುದನ್ನೇ ಬಿಡುತ್ತಾರೆ. ಇಷ್ಟು ಮೊತ್ತಕ್ಕಿಂತ ಹೆಚ್ಚಿನ ಯಾವ ವ್ಯವಹಾರವನ್ನೂ ಒಂದು ರಾತ್ರಿ ಕಳೆಯದೆ, ಇನ್ನೊಬ್ಬರನ್ನು ಕೇಳದೆ ಮಾಡುವುದಿಲ್ಲವೆಂದು ಮನೆಯವರೆಲ್ಲ ಸೇರಿ ಒಂದು ನಿಯಮ ಮಾಡಿಕೊಂಡರೆ ಒಳ್ಳೆಯದು. 'ನಮ್ಮ ಮನೆಯಲ್ಲಿ ಹೀಗೊಂದು ನಿಯಮವಿದೆ' ಎಂದು ಹೇಳುವುದು ದಾಕ್ಷಿಣ್ಯದ ಮನಸ್ಸಿಗೂ ಸುಲಭ.

ಬಿಸಿಲಿನಲ್ಲಿ ಚೀಲ ಹೊತ್ತು ಬಂದ ತರುಣನೂ, ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಒಂದೇ ವಾಕ್ಯವನ್ನು ದಿನವೆಲ್ಲ ಒಪ್ಪಿಸುವ ತರುಣಿಯೂ ಯಾರದೋ ಮನೆಯ ಮಕ್ಕಳು. ಪದವಿ ಪಡೆದು ಬೇರೆ ಕೆಲಸ ಸಿಗದೆ ಈ ದಾರಿ ಹಿಡಿದವರು ಅವರಲ್ಲಿ ಬಹಳ ಮಂದಿ. ಅವರನ್ನು ಬೈಯುವುದರಿಂದ ನಮ್ಮ ನಾಲಗೆ ಕೆಡುತ್ತದೆ. ಅವರನ್ನು ಕಳುಹಿಸಿದವನ ಕಿವಿಗೆ ಬೈಗುಳ ಮುಟ್ಟುವುದೂ ಇಲ್ಲ. ಅರ್ಧ ಗಂಟೆ ಕೂರಿಸಿ, ಆಸೆ ತೋರಿಸಿ, ಕೊನೆಗೆ ಇಲ್ಲವೆನ್ನುವುದು ಅವರಿಗೂ ಅನ್ಯಾಯ. ಮೊದಲ ನಿಮಿಷದಲ್ಲಿಯೇ ನಗುಮುಖದಿಂದ 'ಬೇಡಪ್ಪ' ಎಂದರೆ ಅವರ ಅರ್ಧ ಗಂಟೆ ಉಳಿಯಿತು, ನಮ್ಮ ಮಧ್ಯಾಹ್ನವೂ ಉಳಿಯಿತು.